ಕನೆಕ್ಷನ್ ಬದಲಾಯಿಸಿದರೆ ಇಮೇಲ್ ವಿಳಾಸ ಯಾಕೆ ಜೊತೆಗೆ ಬರಲ್ಲ?

ನಮ್ಮ ಚಿಕ್ಕಪ್ಪ ಹದಿನಾರು ವರ್ಷ ಒಂದೇ ಇಮೇಲ್ ವಿಳಾಸ ಬಳಸಿದರು. ಮನೆಗೆ ಮೊದಲ ಸಲ ಇಂಟರ್‌ನೆಟ್ ಹಾಕಿಸಿದಾಗ ಕಂಪನಿಯವರೇ ಮಾಡಿಕೊಟ್ಟ ವಿಳಾಸ ಅದು. @ ಗುರುತಿನ ಎಡಕ್ಕೆ ಚಿಕ್ಕಪ್ಪನ ಹೆಸರು, ಬಲಕ್ಕೆ ಕಂಪನಿಯ ಹೆಸರು. ಬ್ಯಾಂಕಿಗೆ ಅದನ್ನೇ ಕೊಟ್ಟಿದ್ದರು. ವಿಮೆಗೆ, ಆಸ್ಪತ್ರೆಗೆ, ತೆರಿಗೆ ಇಲಾಖೆಗೆ, ಹಳೆಯ ಸಹಪಾಠಿಗಳಿಗೆ, ಎಲ್ಲರಿಗೂ ಅದೇ. ಕಳೆದ ವರ್ಷ ಲೈನ್ ಪದೇ ಪದೇ ಕೈಕೊಡಲು ಶುರುವಾಯಿತು. ಬೇಸತ್ತು ಬೇರೆ ಕಂಪನಿಯ ಕನೆಕ್ಷನ್ ತೆಗೆದುಕೊಂಡರು. ಹೊಸ ಲೈನ್ ಚೆನ್ನಾಗಿಯೇ ಇತ್ತು. ಒಂದು ತಿಂಗಳಾದ ಮೇಲೆ ಒಂದು ಬೆಳಿಗ್ಗೆ ಇನ್‌ಬಾಕ್ಸ್ ತೆರೆಯಲೇ ಇಲ್ಲ. ಪಾಸ್‌ವರ್ಡ್ ತಪ್ಪಿರಬೇಕು ಅಂದುಕೊಂಡು ಮೂರು ಸಲ ಹಾಕಿ ನೋಡಿದರು. ಪಾಸ್‌ವರ್ಡ್ ಸರಿಯಾಗಿಯೇ ಇತ್ತು. ಖಾತೆಯೇ ಇರಲಿಲ್ಲ.

ನನಗೆ ಫೋನ್ ಮಾಡಿ ಅವರು ಕೇಳಿದ್ದು ಒಂದೇ ಪ್ರಶ್ನೆ. "ಫೋನ್ ಕಂಪನಿ ಬದಲಾಯಿಸಿದಾಗ ನಂಬರ್ ಹಾಗೇ ಉಳೀತಲ್ಲೋ. ಇದು ಯಾಕೆ ಉಳಿಯಲ್ಲ?"

ಆಗ ನಾನು ಏನೋ ಹೇಳಿ ಸಮಾಧಾನ ಮಾಡಿದೆ. ಆದರೆ ಅದು ಬಹಳ ಸರಿಯಾದ ಪ್ರಶ್ನೆ. ಅದಕ್ಕೆ ಉತ್ತರ ಗೊತ್ತಿದ್ದರೆ ಎಷ್ಟೋ ಜನ ಈ ಕಷ್ಟಕ್ಕೆ ಸಿಕ್ಕಿಹಾಕಿಕೊಳ್ಳುತ್ತಿರಲಿಲ್ಲ. ಹಾಗಾಗಿ ಈಗ ಸಾವಧಾನವಾಗಿ ಬರೆಯುತ್ತಿದ್ದೇನೆ.

ಬಲಭಾಗ ಯಾರದು?

ಇಮೇಲ್ ವಿಳಾಸದಲ್ಲಿ ಎರಡು ತುಂಡು. ನಡುವೆ @. ಈ ಗುರುತನ್ನು ಇಮೇಲಿಗೆ ತಂದವರು ರೇ ಟಾಮ್ಲಿನ್‌ಸನ್. 1971ರಲ್ಲಿ, ಆರ್ಪಾನೆಟ್ ಎಂಬ ಹಳೆಯ ಜಾಲದಲ್ಲಿ, ಒಂದು ಕಂಪ್ಯೂಟರಿನಿಂದ ಇನ್ನೊಂದಕ್ಕೆ ಸಂದೇಶ ಕಳಿಸಲು ಅವರಿಗೆ ಒಂದು ಗುರುತು ಬೇಕಿತ್ತು. ಎಡಕ್ಕೆ ವ್ಯಕ್ತಿ, ಬಲಕ್ಕೆ ಆತ ಬಳಸುವ ಯಂತ್ರ. "ಇಂಥವರು, ಇಂಥ ಕಡೆ ಇದ್ದಾರೆ" ಅನ್ನುವುದಷ್ಟೇ ಅದರ ಅರ್ಥ. ಐವತ್ತು ವರ್ಷ ದಾಟಿದರೂ ಆ ಅರ್ಥ ಬದಲಾಗಿಲ್ಲ. ಯಂತ್ರದ ಜಾಗಕ್ಕೆ ಡೊಮೇನ್ ಹೆಸರು, ಅಂದರೆ ಇಂಟರ್‌ನೆಟ್ಟಿನಲ್ಲಿ ನೋಂದಾಯಿಸಿಕೊಂಡ ಹೆಸರು, ಬಂದಿದೆ ಅಷ್ಟೆ.

ನೀವು ಯಾರಿಗಾದರೂ ಮೇಲ್ ಕಳಿಸಿದಾಗ ನಿಮ್ಮ ಕಡೆಯ ಸರ್ವರ್ (ಮೇಲ್ ಸಾಗಿಸುವ ಕಂಪ್ಯೂಟರ್) ಮೊದಲು ನೋಡುವುದು ಬಲಭಾಗವನ್ನು. ಎಡಭಾಗದ ಹೆಸರು ಅದಕ್ಕೆ ಆಗ ಬೇಕಿಲ್ಲ. ಆ ಡೊಮೇನಿಗೆ ಬರುವ ಮೇಲ್ ಎಲ್ಲಿಗೆ ಮುಟ್ಟಿಸಬೇಕು ಅಂತ ಡಿಎನ್‌ಎಸ್ ಎಂಬ ಹೆಸರುಗಳ ಕಡತದಲ್ಲಿ ಹುಡುಕುತ್ತದೆ. ಅಲ್ಲಿ ಎಂಎಕ್ಸ್ ದಾಖಲೆ ಅಂತ ಒಂದು ಸಾಲು ಇರುತ್ತದೆ. 1986ರಲ್ಲಿ ಈ ಪದ್ಧತಿಯನ್ನು ಬರೆದಿಟ್ಟರು. ಇವತ್ತಿಗೂ ಅದೇ ನಡೆಯುತ್ತಿದೆ. ಆ ಸಾಲು ಯಾವ ಸರ್ವರನ್ನು ತೋರಿಸುತ್ತದೋ ಆ ಡೊಮೇನಿನ ಅಷ್ಟೂ ಜನರ ಮೇಲ್ ಅಲ್ಲಿಗೇ ಹೋಗುತ್ತದೆ. ಹತ್ತು ಜನರಿರಲಿ, ಹತ್ತು ಲಕ್ಷ ಜನರಿರಲಿ, ದಾರಿ ಒಂದೇ. ಮೇಲ್ ಅಲ್ಲಿಗೆ ಮುಟ್ಟಿದ ಮೇಲೆ ಆ ಸರ್ವರ್ ಎಡಭಾಗ ಓದಿ, ಇದು ಇವರ ಪೆಟ್ಟಿಗೆಗೆ ಅಂತ ಹಾಕುತ್ತದೆ. ಎಡಭಾಗಕ್ಕೆ ಅರ್ಥ ಕೊಡುವ ಹಕ್ಕು ಆ ಡೊಮೇನಿನವರಿಗೆ ಮಾತ್ರ. ಇಮೇಲಿನ ಮೂಲ ನಿಯಮವೇ ಹಾಗಿದೆ.

ಚಿಕ್ಕಪ್ಪನ ಪ್ರಶ್ನೆಗೆ ಉತ್ತರದ ಅರ್ಧ ಇಲ್ಲೇ ಸಿಕ್ಕಿತು. ಒಬ್ಬರ ವಿಳಾಸವನ್ನು ಮಾತ್ರ ಬಿಡಿಸಿ ಬೇರೆ ಕಂಪನಿಗೆ ಕೊಡಲು ಈ ವ್ಯವಸ್ಥೆಯಲ್ಲಿ ಜಾಗವೇ ಇಲ್ಲ. ಎಂಎಕ್ಸ್ ಸಾಲು ಬದಲಾಯಿಸಿದರೆ ಊರಿಗೆ ಊರೇ ಎದ್ದು ಹೋಗುತ್ತದೆ. ಒಂದು ಮನೆಯನ್ನು ಮಾತ್ರ ಎತ್ತಿಡಲು ಆಗಲ್ಲ.

ಫೋನ್ ನಂಬರಿನ ಕತೆ ಬೇರೆ. ನಂಬರಿನೊಳಗೆ ಯಾವ ಕಂಪನಿಯ ಹೆಸರೂ ಇಲ್ಲ. ನಂಬರುಗಳ ಸಾಲನ್ನು ಹಂಚುವುದು ಸರ್ಕಾರ ಅಥವಾ ಸರ್ಕಾರ ನೇಮಿಸಿದ ಸಂಸ್ಥೆ. ಕಂಪನಿಗಳು ಅದನ್ನು ಬಳಸಲು ಪಡೆದುಕೊಂಡಿರುತ್ತವೆ, ಅಷ್ಟೇ. ಒಂದು ಕಾಲದಲ್ಲಿ ಮೊದಲ ಕೆಲವು ಅಂಕಿ ನೋಡಿ ಇದು ಇಂಥ ಕಂಪನಿಯ ನಂಬರ್ ಅಂತ ಹೇಳಬಹುದಿತ್ತು. ನಂಬರ್ ಪೋರ್ಟ್ ಮಾಡುವ ಪದ್ಧತಿ ಬಂದ ಮೇಲೆ, ಕರೆ ಮಾಡಿದಾಗ ಜಾಲವು ಒಂದು ಸಾಮಾನ್ಯ ಪಟ್ಟಿಯನ್ನು ನೋಡುತ್ತದೆ. ಈ ನಂಬರ್ ಈಗ ಯಾರ ಬಳಿ ಇದೆ ಅಂತ ತಿಳಿದುಕೊಂಡು ಕರೆಯನ್ನು ಆ ಕಡೆ ತಿರುಗಿಸುತ್ತದೆ. ಪಟ್ಟಿಯಲ್ಲಿ ಒಂದೊಂದು ನಂಬರಿಗೂ ಒಂದೊಂದು ಸಾಲು. ಹಾಗಾಗಿ ಒಬ್ಬರನ್ನು ಮಾತ್ರ ಬೇರೆ ಕಡೆ ಕಳಿಸುವುದು ಸಾಧ್ಯ.

ಅದು ತಾನಾಗಿಯೇ ಬರಲಿಲ್ಲ ಅನ್ನುವುದನ್ನೂ ನೆನಪಿಡಬೇಕು. ಸಿಂಗಪುರದಲ್ಲಿ ಮೊಬೈಲ್ ನಂಬರ್ ಪೋರ್ಟ್ ಮಾಡುವ ಸೌಲಭ್ಯ 1997ರಲ್ಲೇ ಶುರುವಾಯಿತು. ಅಮೆರಿಕದಲ್ಲಿ 1996ರ ದೂರಸಂಪರ್ಕ ಕಾಯ್ದೆ ನಂಬರ್ ಉಳಿಸಿಕೊಳ್ಳುವ ದಾರಿ ತೆರೆಯಿತು. ಆದರೂ ಗಡುವು ಮತ್ತೆ ಮತ್ತೆ ಮುಂದಕ್ಕೆ ಹೋಗಿ, ಮೊಬೈಲಿಗೆ ಅದು ಬಂದದ್ದು 2003ರ ನವೆಂಬರಿನಲ್ಲಿ. ಭಾರತದಲ್ಲಿ ದೇಶವ್ಯಾಪಿ ಜಾರಿಯಾದದ್ದು 2011ರ ಜನವರಿಯಲ್ಲಿ. ಎಲ್ಲ ಕಡೆಯೂ ಕಾನೂನು ಒತ್ತಿದ ಮೇಲೆಯೇ ಕಂಪನಿಗಳು ಒಪ್ಪಿದ್ದು. ಗ್ರಾಹಕರು ಸುಲಭವಾಗಿ ಬಿಟ್ಟುಹೋಗಲಿ ಅಂತ ಯಾವ ಕಂಪನಿಯೂ ಬಯಸಲ್ಲ ಅಲ್ವಾ?

ಉತ್ತರದ ಇನ್ನರ್ಧ ಇರುವುದು ಒಡೆತನದಲ್ಲಿ. ನಂಬರ್ ಸಾರ್ವಜನಿಕ ಸ್ವತ್ತಿನಿಂದ ಬಂದದ್ದು. ಡೊಮೇನ್ ಹೆಸರು ಹಾಗಲ್ಲ. ಅದನ್ನು ಕಂಪನಿ ತನ್ನ ಹೆಸರಿನಲ್ಲಿ ನೋಂದಾಯಿಸಿಕೊಂಡಿದೆ. ಬಹಳ ಸಲ ಅದು ಕಂಪನಿಯ ಟ್ರೇಡ್‌ಮಾರ್ಕ್ ಕೂಡ ಹೌದು. ಹಾಗಾಗಿ ಚಿಕ್ಕಪ್ಪನ ವಿಳಾಸದಲ್ಲಿ ಚಿಕ್ಕಪ್ಪನದು ಅನ್ನುವಂಥದ್ದು ಎಡಭಾಗದ ಹೆಸರು ಮಾತ್ರ. ಅದೂ ಬಲಭಾಗದವರು ಒಪ್ಪಿಕೊಂಡಿರುವಷ್ಟು ದಿನ. ಹದಿನಾರು ವರ್ಷ ಅವರು ಇದ್ದದ್ದು ಬಾಡಿಗೆ ಮನೆಯಲ್ಲಿ. ಯಾರೂ ಅವರಿಗೆ ಹಾಗಂತ ಹೇಳಿರಲಿಲ್ಲ.

ಮರೆತುಹೋದ ಎರಡು ಅಂಕಿಗಳು

ಇಲ್ಲೊಂದು ವಿಷಯ ನನಗೆ ತುಂಬಾ ಇಷ್ಟ. 1982ರಲ್ಲಿ ಜಾನ್ ಪೋಸ್ಟೆಲ್ ಅವರು ಎಸ್‌ಎಂಟಿಪಿ ನಿಯಮಗಳನ್ನು ಬರೆದರು. ಮೇಲ್ ಒಂದು ಸರ್ವರಿನಿಂದ ಇನ್ನೊಂದಕ್ಕೆ ಹೋಗುವ ರೀತಿ ಅದು. ಜನ ಜಾಗ ಬದಲಾಯಿಸುತ್ತಾರೆ ಅನ್ನುವುದು ಅವರಿಗೆ ಆಗಲೇ ಹೊಳೆದಿತ್ತು. ಅದಕ್ಕಾಗಿಯೇ ಎರಡು ಉತ್ತರ ಸಂಖ್ಯೆಗಳನ್ನು ಇಟ್ಟಿದ್ದರು. 251 ಅಂದರೆ "ಅವರು ಇಲ್ಲಿಲ್ಲ, ಆದರೆ ನಾನೇ ಮುಂದಕ್ಕೆ ಕಳಿಸುತ್ತೇನೆ". 551 ಅಂದರೆ "ಅವರು ಇಲ್ಲಿಲ್ಲ, ಈ ಹೊಸ ವಿಳಾಸಕ್ಕೆ ನೀವೇ ಕಳಿಸಿ". ಮನೆ ಖಾಲಿ ಮಾಡಿ ಹೋದವರ ಬಗ್ಗೆ ಪಕ್ಕದ ಮನೆಯವರು ಅಂಚೆಯವನಿಗೆ ಹೇಳುವ ಮಾತಿನ ಹಾಗೆ.

ಆ ಸಂಖ್ಯೆಗಳು ನಿಯಮದಲ್ಲಿ ಇವತ್ತಿಗೂ ಇವೆ. ಬಳಕೆ ಮಾತ್ರ ಹೆಚ್ಚುಕಡಿಮೆ ಇಲ್ಲ. ಒಂದು ಕಾರಣ ಸ್ಪ್ಯಾಮ್. ಕೇಳಿದವರಿಗೆಲ್ಲ ಹೊಸ ವಿಳಾಸ ಹೇಳಿದರೆ ಕಸದ ಮೇಲ್ ಕಳಿಸುವವರಿಗೆ ಹಬ್ಬ. ಇನ್ನೊಂದು, ಖಾಸಗಿತನ. ಕೆಲವರು ಜಾಗ ಬಿಡುವುದೇ ಯಾರಿಗೂ ಸಿಗಬಾರದು ಅಂತ. ಹಾಗಾಗಿ ಈಗ ಖಾತೆ ಮುಚ್ಚಿದ ಮೇಲೆ ಬರುವ ಉತ್ತರ ಒಂದೇ: ಇಂಥವರು ಇಲ್ಲಿಲ್ಲ. ಎಲ್ಲಿ ಹೋದರು ಅಂತ ಯಾರೂ ಹೇಳಲ್ಲ.

ಕಂಪನಿಗಳೇ ಕೈ ಬಿಡುತ್ತಿವೆ

ಹಿಂದೆ ಇಂಟರ್‌ನೆಟ್ ಕಂಪನಿಗಳು ಇಮೇಲನ್ನು ಮುದ್ದಿನಿಂದ ಕೊಡುತ್ತಿದ್ದವು. ಕನೆಕ್ಷನ್ ತಗೊಂಡರೆ ಐದು ಪೆಟ್ಟಿಗೆ ಪುಕ್ಕಟೆ, ಮನೆಮಂದಿಗೆಲ್ಲ ಒಂದೊಂದು. ಆಗ ಬೇರೆ ದಾರಿಯೂ ಜಾಸ್ತಿ ಇರಲಿಲ್ಲ. ಹಾಟ್‌ಮೇಲ್ ಶುರುವಾದದ್ದು 1996ರ ಜುಲೈನಲ್ಲಿ. ಜಿಮೇಲ್ ಬಂದದ್ದು 2004ರ ಏಪ್ರಿಲಿನಲ್ಲಿ, ಅದೂ 1 ಗಿಗಾಬೈಟ್ ಜಾಗದೊಂದಿಗೆ. ಅಷ್ಟು ಜಾಗ ಪುಕ್ಕಟೆ ಸಿಗುತ್ತದೆ ಅಂದರೆ ಆಗ ಜನ ನಂಬಲಿಲ್ಲ. ಕಂಪನಿಯ ಹೆಸರಿನ ವಿಳಾಸ ಕೊಟ್ಟರೆ ಗ್ರಾಹಕ ಬಿಟ್ಟುಹೋಗಲು ಹಿಂದೆ ಮುಂದೆ ನೋಡುತ್ತಾನೆ ಅನ್ನುವ ಲೆಕ್ಕವೂ ಅಲ್ಲಿತ್ತು. ಲೈನ್ ಕೆಟ್ಟದಾದರೂ ಸಹಿಸಿಕೊಂಡು ಇರುವವರನ್ನು ನಾನು ನೋಡಿದ್ದೇನೆ. ಕಾರಣ ಕೇಳಿದರೆ "ಮೇಲ್ ಐಡಿ ಹೋಗುತ್ತಲ್ಲ" ಅನ್ನುತ್ತಾರೆ.

ಈಗ ಆ ಲೆಕ್ಕ ತಲೆಕೆಳಗಾಗಿದೆ. ಮೇಲ್ ಸರ್ವರ್ ನಡೆಸುವುದು ದುಬಾರಿ ಕೆಲಸ. ಸ್ಪ್ಯಾಮ್ ತಡೆಯಬೇಕು, ಹ್ಯಾಕ್ ಆದ ಖಾತೆಗಳನ್ನು ಸರಿಪಡಿಸಬೇಕು, ದೂರು ಕೇಳಬೇಕು. ಇದರಿಂದ ಹೊಸ ಗ್ರಾಹಕರಂತೂ ಬರುವುದಿಲ್ಲ. ಹಾಗಾಗಿ ಕಂಪನಿಗಳು ಒಂದೊಂದಾಗಿ ಇಮೇಲ್ ಬಿಡುತ್ತಿವೆ. 2017ನೇ ಇಸವಿ ಒಂದನ್ನೇ ನೋಡಿ. ಅಮೆರಿಕದಲ್ಲಿ ವೆರೈಜಾನ್ ತನ್ನ ಇಮೇಲ್ ಕೆಲಸ ನಿಲ್ಲಿಸಿತು. ಹಳೆಯ ವಿಳಾಸ ಬೇಕು ಅಂದವರನ್ನು ಎಒಎಲ್ ಎಂಬ ಇಮೇಲ್ ಸೇವೆಗೆ ದಾಟಿಸಿತು. ಬ್ರಿಟನ್ನಿನಲ್ಲಿ ಇಇ ಕಂಪನಿ ಮೇ ಕೊನೆಗೆ ಆರೆಂಜ್, ವನಾಡೂ, ಫ್ರೀಸರ್ವ್ ಹೆಸರಿನ ಹಳೆಯ ವಿಳಾಸಗಳನ್ನೆಲ್ಲ ಮುಚ್ಚಿತು. ನ್ಯೂಜಿಲೆಂಡಿನಲ್ಲಿ ವೋಡಾಫೋನ್ ನವೆಂಬರ್ ಕೊನೆಗೆ ತನ್ನ ಇಮೇಲ್ ಸೇವೆ ಮುಗಿಸಿತು. ಮುಂದೆ 2023ರಲ್ಲಿ ಆಸ್ಟ್ರೇಲಿಯಾದ ಟಿಪಿಜಿ ಗುಂಪು ತನ್ನ ಗ್ರಾಹಕರ ಪೆಟ್ಟಿಗೆಗಳನ್ನು ಬೇರೊಂದು ಕಂಪನಿಗೆ ಒಪ್ಪಿಸಿತು. 2024ರಲ್ಲಿ ಅಮೆರಿಕದ ಕಾಕ್ಸ್ ತನ್ನವರನ್ನು ಯಾಹೂಗೆ ಸಾಗಿಸಿತು.

ಇವುಗಳಲ್ಲಿ ಎರಡು ಬಗೆ ಇವೆ. ಕೆಲವರು ವಿಳಾಸವನ್ನೇ ಕೊಂದರು. ಕೆಲವರು ವಿಳಾಸ ಉಳಿಸಿ, ಹಿಂದೆ ಕೆಲಸ ಮಾಡುವವರನ್ನು ಮಾತ್ರ ಬದಲಾಯಿಸಿದರು. ಎರಡನೆಯದು ನೋಡಿ, ಊರಿಗೆ ಊರೇ ಎತ್ತಿಡುವ ಕೆಲಸ. ಬಲಭಾಗದ ಒಡೆಯ ಮನಸ್ಸು ಮಾಡಿದರೆ ಲಕ್ಷಾಂತರ ಜನರ ಮೇಲ್ ವಿಳಾಸ ಬದಲಾಗದೆ ಇನ್ನೊಂದು ಸಂಸ್ಥೆಗೆ ಹೋಗುತ್ತದೆ. ಅಂದರೆ ವಿಳಾಸ ಉಳಿಸುವುದು ತಾಂತ್ರಿಕವಾಗಿ ಅಸಾಧ್ಯವೇನಲ್ಲ. ಉಳಿಸಬೇಕೋ ಬೇಡವೋ ಅಂತ ತೀರ್ಮಾನಿಸುವ ಕೈ ನಿಮ್ಮದಲ್ಲ, ಅಷ್ಟೇ. ಇದರಿಂದ ಇನ್ನೊಂದು ಮಾತೂ ಹೊರಡುತ್ತದೆ. ನೀವು ಕಂಪನಿ ಬದಲಾಯಿಸದೇ ಇದ್ದರೂ ವಿಳಾಸ ಹೋಗಬಹುದು. "ನಾನು ಎಲ್ಲೂ ಹೋಗಲ್ಲ, ನನಗೇನು ತೊಂದರೆ" ಅಂತ ಕುಳಿತವರಿಗೂ ಈ ಲೇಖನ ಸೇರುತ್ತದೆ.

ಕಾನೂನು ಎಲ್ಲಿಯವರೆಗೆ ಬಂದಿದೆ

ನಂಬರಿನ ಹಾಗೆ ಇಮೇಲ್ ವಿಳಾಸವನ್ನೂ ಪೋರ್ಟ್ ಮಾಡಿಸಬೇಕು ಅಂತ ಕೇಳಿದವರು ಇದ್ದಾರೆ. 2007ರಲ್ಲಿ ಅಮೆರಿಕದ ದೂರಸಂಪರ್ಕ ನಿಯಂತ್ರಣ ಸಂಸ್ಥೆಗೆ ಇಂಥ ಒಂದು ಅರ್ಜಿ ಹೋಗಿತ್ತು. ಖಾತೆ ಮುಚ್ಚಿಹೋದದ್ದರಿಂದ ಕೆಲಸ ಕೊಡುವವರ ಸಂಪರ್ಕವೇ ತಪ್ಪಿದ ಒಬ್ಬ ಮಹಿಳೆ ಅದನ್ನು ಸಲ್ಲಿಸಿದ್ದರು. ಅದು ನಿಯಮವಾಗಲಿಲ್ಲ.

ಯುರೋಪಿನಲ್ಲಿ ಮಾತ್ರ ಸ್ವಲ್ಪ ಬೆಳಕಿದೆ. ಫ್ರಾನ್ಸಿನಲ್ಲಿ 2011ರಿಂದ, ಕನೆಕ್ಷನ್ ಬಿಟ್ಟ ಮೇಲೂ 6 ತಿಂಗಳು ಹಳೆಯ ಪೆಟ್ಟಿಗೆಯನ್ನು ಪುಕ್ಕಟೆ ತೆರೆದಿಡಬೇಕು ಅಂತ ಕಾನೂನಿದೆ. ಬೆಲ್ಜಿಯಂನಲ್ಲಿ ಈ ಅವಧಿ 18 ತಿಂಗಳು. 2018ರ ಯುರೋಪಿಯನ್ ಎಲೆಕ್ಟ್ರಾನಿಕ್ ಸಂವಹನ ಸಂಹಿತೆಯಲ್ಲೂ ಇದಕ್ಕೆ ಜಾಗ ಇದೆ. ಬಿಟ್ಟುಹೋದ ಗ್ರಾಹಕರಿಗೆ ಸ್ವಲ್ಪ ಕಾಲ ಮೇಲ್ ನೋಡಲು ಬಿಡಿ, ಇಲ್ಲವೇ ಮುಂದಕ್ಕೆ ಕಳಿಸಿಕೊಡಿ ಅಂತ ಸದಸ್ಯ ದೇಶಗಳು ಕಂಪನಿಗಳಿಗೆ ಹೇಳಬಹುದು.

ಇಲ್ಲಿ ನನ್ನ ಅಭಿಪ್ರಾಯ ಹೇಳಿಬಿಡುತ್ತೇನೆ. 6 ತಿಂಗಳು ಸಾಲದು. ನಮ್ಮ ಮುಖ್ಯವಾದ ಎಷ್ಟೋ ಪತ್ರಗಳು ವರ್ಷಕ್ಕೆ ಒಂದೇ ಸಲ ಬರುತ್ತವೆ. ವಿಮೆಯ ಕಂತು, ತೆರಿಗೆಯ ನೋಟಿಸು, ಯಾವುದೋ ಸದಸ್ಯತ್ವದ ನವೀಕರಣ. ಆ ಪತ್ರ ಬಂದಾಗಲೇ "ಓ, ಇವರಿಗೆ ಹೊಸ ವಿಳಾಸ ಕೊಟ್ಟಿಲ್ಲ" ಅಂತ ನೆನಪಾಗುವುದು. ವರ್ಷ ಒಂದು ಸುತ್ತು ಪೂರ್ತಿ ತಿರುಗಬೇಕು, ಮೇಲೆ ಸ್ವಲ್ಪ ದಿನ ಉಳಿಯಬೇಕು. ಬೆಲ್ಜಿಯಂನ 18 ತಿಂಗಳು ಮನುಷ್ಯರ ಬದುಕನ್ನು ನೋಡಿ ಮಾಡಿದ ಲೆಕ್ಕದ ಹಾಗೆ ಕಾಣುತ್ತದೆ. ಎಲ್ಲ ಕಡೆಯೂ ಅಷ್ಟಾದರೂ ಇರಬೇಕು.

ಒಂದು ಗೊಂದಲ ಇಲ್ಲೇ ಬಿಡಿಸೋಣ. ಯುರೋಪಿನ ಜಿಡಿಪಿಆರ್ ಕಾನೂನು 2018ರ ಮೇ ತಿಂಗಳಿಂದ ಜಾರಿಯಲ್ಲಿದೆ. ಅದರ 20ನೇ ವಿಧಿ, ನಿಮ್ಮ ಮಾಹಿತಿಯನ್ನು ನೀವು ಜೊತೆಗೆ ಒಯ್ಯಬಹುದು ಅನ್ನುತ್ತದೆ. ಅದು ಮಾಹಿತಿಯ ಮಾತು, ವಿಳಾಸದ ಮಾತಲ್ಲ. ಮನೆಯ ಸಾಮಾನು ನಿಮ್ಮದು, ಬಾಗಿಲ ಮೇಲಿನ ನಂಬರ್ ನಿಮ್ಮದಲ್ಲ.

ಫಾರ್ವರ್ಡ್ ಹಾಕಿದರೆ ಸಾಕಲ್ವಾ?

ಎಲ್ಲರಿಗೂ ಮೊದಲು ಹೊಳೆಯುವುದು ಇದೇ. ಹಳೆಯ ಕಂಪನಿಯವರು ಬರುವ ಮೇಲನ್ನು ಹೊಸ ವಿಳಾಸಕ್ಕೆ ತಳ್ಳಿಬಿಟ್ಟರೆ ಆಯಿತು. ಅವರು ಒಪ್ಪಿದರೆ ಖಂಡಿತ ಮಾಡಿಸಿಕೊಳ್ಳಿ. ಆದರೆ ಅದನ್ನೇ ನಂಬಿ ಕೂರಬೇಡಿ. ಈಗಿನ ಇಮೇಲ್ ವ್ಯವಸ್ಥೆಗೆ ಫಾರ್ವರ್ಡ್ ಅಂದರೆ ಅನುಮಾನ.

ಯಾಕೆ ಅಂದರೆ, ಕಳಿಸಿದವರ ಹೆಸರು ಕದಿಯುವವರನ್ನು ಹಿಡಿಯಲು ಮೂರು ಕಾವಲು ಕಟ್ಟಿದ್ದಾರೆ. ಮೊದಲನೆಯದು ಎಸ್‌ಪಿಎಫ್. ನಿಮ್ಮ ಬ್ಯಾಂಕು "ನಮ್ಮ ಹೆಸರಿನಲ್ಲಿ ಮೇಲ್ ಕಳಿಸುವ ಸರ್ವರುಗಳು ಇಷ್ಟೇ" ಅಂತ ಒಂದು ಪಟ್ಟಿ ಹಾಕಿರುತ್ತದೆ. ಬ್ಯಾಂಕಿನ ಮೇಲ್ ನಿಮ್ಮ ಹಳೆಯ ಕಂಪನಿಗೆ ಬಂದು, ಅಲ್ಲಿಂದ ಹೊಸ ಪೆಟ್ಟಿಗೆಗೆ ಹೋಗುವಾಗ ಕಳಿಸುತ್ತಿರುವ ಸರ್ವರ್ ಹಳೆಯ ಕಂಪನಿಯದು. ಅದು ಬ್ಯಾಂಕಿನ ಪಟ್ಟಿಯಲ್ಲಿ ಇಲ್ಲ. ಹೊಸ ಕಡೆಯವರಿಗೆ ಇದು ನಕಲಿ ಮೇಲಿನ ಹಾಗೇ ಕಾಣುತ್ತದೆ. ಎರಡನೆಯದು ಡಿಕೆಐಎಂ. ಮೇಲಿಗೆ ಹಾಕಿದ ಮುದ್ರೆ ಇದು. ದಾರಿಯಲ್ಲಿ ಯಾರೂ ಒಳಗಿನದನ್ನು ಮುಟ್ಟದಿದ್ದರೆ ಮುದ್ರೆ ಉಳಿಯುತ್ತದೆ. ಕೊನೆಗೆ ಒಂದು ಸಾಲು ಸೇರಿಸಿದರೂ ಒಡೆಯುತ್ತದೆ. ಮೂರನೆಯದು ಡಿಮಾರ್ಕ್. ಮೊದಲ ಎರಡೂ ಸೋತರೆ ಏನು ಮಾಡಬೇಕು ಅಂತ ಕಳಿಸಿದವರೇ ಹೇಳಿಡುವ ಸೂಚನೆ. "ಎಸೆದುಬಿಡಿ" ಅಂತಲೂ ಹೇಳಿರಬಹುದು.

2014ರ ಏಪ್ರಿಲಿನಲ್ಲಿ ಯಾಹೂ ಮತ್ತು ಎಒಎಲ್ ಈ ಸೂಚನೆಯನ್ನು ಬಿಗಿ ಮಾಡಿದಾಗ ನಡುವೆ ಕೈದಾಟಿ ಹೋಗುತ್ತಿದ್ದ ಮೇಲುಗಳು ಎಲ್ಲೆಲ್ಲೂ ಬಿದ್ದುಹೋದವು. 2024ರ ಫೆಬ್ರವರಿಯಿಂದ ಗೂಗಲ್ ಮತ್ತು ಯಾಹೂ, ಸಾವಿರಾರು ಮೇಲ್ ಕಳಿಸುವವರು ಈ ಮೂರನ್ನೂ ಇಟ್ಟುಕೊಂಡಿರಲೇಬೇಕು ಅಂದಿವೆ. ಮೋಸ ತಡೆಯಲು ಇದು ಬೇಕೇ ಬೇಕು. ಒಳ್ಳೆಯ ಉದ್ದೇಶದ ಫಾರ್ವರ್ಡಿಗೆ ಮಾತ್ರ ಇದರಿಂದ ಪೆಟ್ಟು. ಕಳಿಸಿದವರ ಲಕೋಟೆ ವಿಳಾಸವನ್ನು ತಿದ್ದಿ ಮುಂದೆ ಕಳಿಸುವ ಉಪಾಯಗಳಿವೆ. ಎಲ್ಲರೂ ಅದನ್ನು ಮಾಡುವುದಿಲ್ಲ. ಹಾಗಾಗಿ ಫಾರ್ವರ್ಡ್ ಹಾಕಿಕೊಂಡವರು ಹೊಸ ಪೆಟ್ಟಿಗೆಯ ಸ್ಪ್ಯಾಮ್ ಫೋಲ್ಡರನ್ನು ವಾರಕ್ಕೊಮ್ಮೆಯಾದರೂ ನೋಡಬೇಕು. ಅಲ್ಲಿಗೂ ಬಾರದೆ ದಾರಿಯಲ್ಲೇ ತಿರಸ್ಕಾರವಾದ ಮೇಲ್ ನಿಮ್ಮ ಕಣ್ಣಿಗೆ ಬೀಳುವುದೇ ಇಲ್ಲ.

ನಿಮ್ಮ ಹಳೆಯ ಹೆಸರು ಇನ್ನೊಬ್ಬರ ಕೈಗೆ ಹೋದರೆ

ಈ ಭಾಗವನ್ನು ದಯವಿಟ್ಟು ನಿಧಾನವಾಗಿ ಓದಿ.

ಖಾತೆ ಮುಚ್ಚಿದ ಮೇಲೆ ಆ ಹೆಸರು ಖಾಲಿ ಬಿತ್ತು. ಅದನ್ನು ಬೇರೆಯವರಿಗೆ ಕೊಡಬಹುದಾ? ಕೆಲವು ಕಡೆ ಕೊಡುತ್ತಾರೆ. 2013ರಲ್ಲಿ ಯಾಹೂ ಒಂದು ವರ್ಷ ಬಳಸದ ಹೆಸರುಗಳನ್ನು ಹೊಸಬರಿಗೆ ಕೊಡಲು ಶುರು ಮಾಡಿತು. ಹೊಸದಾಗಿ ಪಡೆದವರ ಪೆಟ್ಟಿಗೆಗೆ ಹಿಂದಿನವರ ಮೇಲ್ ಬಂದು ಬೀಳತೊಡಗಿತು. ಈ ಅಪಾಯಕ್ಕೆ ಮದ್ದಾಗಿ ಯಾಹೂ ಮತ್ತು ಫೇಸ್‌ಬುಕ್ ಎಂಜಿನಿಯರುಗಳು ಸೇರಿ ಒಂದು ಹೊಸ ನಿಯಮ ಬರೆದರು. 2014ರಲ್ಲಿ ಅದು ಇಂಟರ್‌ನೆಟ್ ನಿಯಮಗಳ ಸಾಲಿನಲ್ಲಿ ಆರ್‌ಎಫ್‌ಸಿ 7293 ಎಂದು ಪ್ರಕಟವಾಯಿತು. ಕಳಿಸುವವರು ಮೇಲಿನ ಜೊತೆ "ಈ ವಿಳಾಸ ಇಂಥ ದಿನದಿಂದ ಒಬ್ಬರದೇ ಆಗಿದ್ದರೆ ಮಾತ್ರ ಕೊಡಿ" ಅಂತ ಬರೆದು ಕಳಿಸುವ ಪದ್ಧತಿ ಅದು. ಬಹಳ ಜಾಣ ಯೋಚನೆ. ಆದರೆ ಕಳಿಸುವವರು ಅದನ್ನು ಬರೆಯಬೇಕು, ಪಡೆಯುವವರು ಅದನ್ನು ಓದಬೇಕು. ಎರಡೂ ಕಡೆ ಸೇರಿದರೆ ಮಾತ್ರ ಅದು ಕಾಯುತ್ತದೆ.

ಅಪಾಯ ಎಷ್ಟು ದೊಡ್ಡದು ಅಂತ ನೋಡಿ. ಯಾವುದೇ ತಾಣದಲ್ಲಿ "ಪಾಸ್‌ವರ್ಡ್ ಮರೆತಿದ್ದೇನೆ" ಅಂತ ಒತ್ತಿದರೆ ರೀಸೆಟ್ ಕೊಂಡಿ ಹೋಗುವುದು ಅಲ್ಲಿ ಕೊಟ್ಟಿರುವ ಇಮೇಲಿಗೆ. ಅಂದರೆ ಇಮೇಲ್ ವಿಳಾಸ ಒಂದು ಕೀಲಿಕೈ ಗೊಂಚಲು. ಚಿಕ್ಕಪ್ಪ ಹದಿನಾರು ವರ್ಷದಲ್ಲಿ ಎಷ್ಟು ಕಡೆ ಅದನ್ನು ಕೊಟ್ಟಿದ್ದಾರೋ ಅಷ್ಟು ಬೀಗಗಳು ಆ ಗೊಂಚಲಿನಿಂದ ತೆರೆಯುತ್ತವೆ. ಆ ಹೆಸರು ನಾಳೆ ಇನ್ನೊಬ್ಬರಿಗೆ ಸಿಕ್ಕರೆ ಅವರು ಕಳ್ಳರೇ ಆಗಿರಬೇಕಿಲ್ಲ. ಸುಮ್ನೆ ಕುತೂಹಲಕ್ಕೆ ಒಂದು ಗುಂಡಿ ಒತ್ತಿದರೂ ಸಾಕು.

ಹಾಗಾಗಿ ಬಿಡುವ ಮೊದಲು ಕಂಪನಿಯವರನ್ನು ಮೂರು ವಿಷಯ ಕೇಳಿ. ಪೆಟ್ಟಿಗೆ ಯಾವ ದಿನ ಮುಚ್ಚುತ್ತದೆ? ದುಡ್ಡು ಕೊಟ್ಟರೆ ಮುಂದುವರಿಸುತ್ತೀರಾ? ಈ ಹೆಸರನ್ನು ಮುಂದೆ ಬೇರೆಯವರಿಗೆ ಕೊಡುತ್ತೀರಾ? ಉತ್ತರವನ್ನು ಬರಹದಲ್ಲಿ ತೆಗೆದುಕೊಳ್ಳಿ. ಮೂರನೆಯದಕ್ಕೆ ಹೌದು ಅಂದರೆ, ಎರಡನೆಯದಕ್ಕೆ ದುಡ್ಡು ಕೊಟ್ಟು ಒಂದು ವರ್ಷವಾದರೂ ಇಟ್ಟುಕೊಳ್ಳುವುದು ನನ್ನ ಪ್ರಕಾರ ದಂಡದ ಖರ್ಚಲ್ಲ.

ಹಾಗಾದರೆ ಏನು ಮಾಡಬೇಕು

ಮೊದಲು ಹೊಸ ವಿಳಾಸ, ಆಮೇಲೆ ಹಳೆಯ ಕನೆಕ್ಷನ್ ರದ್ದು. ಈ ಕ್ರಮ ತಪ್ಪಿದರೆ ಉಳಿದದ್ದೆಲ್ಲ ಕಷ್ಟ. ತುಂಬಾ ತಾಣಗಳು ಇಮೇಲ್ ಬದಲಾಯಿಸುವಾಗ ಒಪ್ಪಿಗೆಯ ಕೊಂಡಿಯನ್ನು ಹಳೆಯ ವಿಳಾಸಕ್ಕೇ ಕಳಿಸುತ್ತವೆ. ಅದು ತೆರೆದಿರುವಾಗ ಎರಡು ನಿಮಿಷದ ಕೆಲಸ. ಮುಚ್ಚಿದ ಮೇಲೆ ಒಂದೊಂದು ಕಡೆಯೂ ಗುರುತಿನ ದಾಖಲೆ ಹಿಡಿದು ಬೇಡಬೇಕು. ಚಿಕ್ಕಪ್ಪನ ಬ್ಯಾಂಕಿನ ಕೆಲಸಕ್ಕೇ ನಾವಿಬ್ಬರೂ ಎರಡು ಸಲ ಶಾಖೆಗೆ ಹೋಗಬೇಕಾಯಿತು. ಎರಡು ತಿಂಗಳು ಎರಡೂ ವಿಳಾಸ ಜೊತೆಗೆ ನಡೆದರೆ ತುಂಬಾ ಒಳ್ಳೆಯದು.

ಹೊಸ ವಿಳಾಸ ಎಲ್ಲಿ ಮಾಡಬೇಕು? ಹೊಸ ಇಂಟರ್‌ನೆಟ್ ಕಂಪನಿ ಕೊಡುವ ಪೆಟ್ಟಿಗೆಯಲ್ಲಿ ಮಾತ್ರ ಬೇಡ. ಮತ್ತೆ ಅದೇ ಬಾಡಿಗೆ ಮನೆ. ಜಿಮೇಲ್, ಔಟ್‌ಲುಕ್ ಥರದ ಸೇವೆಗಳಿಗೆ ನಿಮ್ಮ ಮನೆಯ ಲೈನ್ ಯಾರದು ಅನ್ನುವುದು ಸಂಬಂಧವಿಲ್ಲ. ಬಹಳ ಜನರಿಗೆ ಅಷ್ಟು ಸಾಕು. ಹಾಟ್‌ಮೇಲನ್ನು 1997ರಲ್ಲಿ ಮೈಕ್ರೋಸಾಫ್ಟ್ ಕೊಂಡಿತು, ಆಮೇಲೆ ಸೇವೆಯ ಹೆಸರೂ ಬದಲಾಯಿತು. ಆದರೂ ಆಗಿನ ವಿಳಾಸಗಳು ಇವತ್ತಿಗೂ ಓಡುತ್ತಿವೆ. ಹಾಗಂತ ಅದು ಸ್ವಂತ ಮನೆಯಲ್ಲ. ಗೂಗಲ್ ತನ್ನ ನಿಯಮದಲ್ಲೇ, 2 ವರ್ಷ ಮುಟ್ಟದ ಖಾತೆಗಳನ್ನು ಅಳಿಸಬಹುದು ಅಂದಿದೆ. 2023ರ ಡಿಸೆಂಬರಿನಿಂದ ಅಳಿಸುವುದೂ ಶುರುವಾಯಿತು. ಅಪರೂಪಕ್ಕೆ ನೋಡುವ ಖಾತೆ ಇದ್ದರೆ ಆಗಾಗ ಲಾಗಿನ್ ಆಗುತ್ತಿರಿ.

ಸ್ವಂತ ಮನೆ ಅಂದರೆ ಸ್ವಂತ ಡೊಮೇನ್. ಬಲಭಾಗವೇ ನಿಮ್ಮ ಹೆಸರಿನಲ್ಲಿ ನೋಂದಣಿಯಾಗಿರುತ್ತದೆ. ಪೆಟ್ಟಿಗೆ ನಡೆಸುವ ಕೆಲಸವನ್ನು ಯಾವುದೋ ಮೇಲ್ ಸಂಸ್ಥೆಗೆ ಕೊಡುತ್ತೀರಿ. ಅವರು ಹಿಡಿಸದಿದ್ದರೆ ಎಂಎಕ್ಸ್ ಸಾಲನ್ನು ತಿದ್ದಿ ಇನ್ನೊಬ್ಬರ ಕಡೆ ತಿರುಗಿಸುತ್ತೀರಿ. ವಿಳಾಸ ಕೂದಲೆಳೆಯಷ್ಟೂ ಬದಲಾಗುವುದಿಲ್ಲ. ಕಂಪನಿ ತನ್ನ ಲಕ್ಷ ಜನರನ್ನು ಸಾಗಿಸಿದ ಅದೇ ಉಪಾಯ. ಈ ಸಲ ತೀರ್ಮಾನಿಸುವ ಕೈ ನಿಮ್ಮದು. ನನಗೆ ಗೊತ್ತಿರುವ ಮಟ್ಟಿಗೆ, ಚಿಕ್ಕಪ್ಪ ಕೇಳಿದ ಪೋರ್ಟ್ ಸೌಲಭ್ಯಕ್ಕೆ ಇವತ್ತು ಇರುವ ನಿಜವಾದ ದಾರಿ ಇದೊಂದೇ.

ಆದರೆ ಇದಕ್ಕೆ ಶ್ರದ್ಧೆ ಬೇಕು. ಡೊಮೇನನ್ನು ಕಾಲಕಾಲಕ್ಕೆ ನವೀಕರಿಸಬೇಕು. ಅವಧಿ ಮುಗಿದರೆ ಡಾಟ್ ಕಾಮ್ ಥರದ ಹೆಸರುಗಳಿಗೆ ಮೊದಲು 45 ದಿನದವರೆಗೆ ರಿಯಾಯಿತಿ ಕಾಲ ಇರಬಹುದು. ಅದನ್ನು ನೋಂದಣಿ ಸಂಸ್ಥೆ ತೀರ್ಮಾನಿಸುತ್ತದೆ. ಆಮೇಲೆ ದಂಡ ಕಟ್ಟಿ ಬಿಡಿಸಿಕೊಳ್ಳಲು 30 ದಿನ. ಅದೂ ದಾಟಿದರೆ 5 ದಿನದಲ್ಲಿ ಹೆಸರು ಬಯಲಿಗೆ ಬರುತ್ತದೆ, ಯಾರು ಬೇಕಾದರೂ ಕೊಳ್ಳಬಹುದು. ಕೊಂಡವರಿಗೆ ನಿಮ್ಮ ಇಡೀ ಬಲಭಾಗ ಸಿಗುತ್ತದೆ, ಅದಕ್ಕೆ ಬರುವ ಎಲ್ಲ ಮೇಲೂ. ಕೀಲಿಕೈ ಗೊಂಚಲಿನ ಮಾತು ಇಲ್ಲೂ ನೆನಪಿರಲಿ. ಹಾಗಾಗಿ ತಾನಾಗಿ ನವೀಕರಣವಾಗುವ ಹಾಗೆ ಇಟ್ಟು, ಆದಷ್ಟು ಹೆಚ್ಚು ವರ್ಷಕ್ಕೆ ಒಮ್ಮೆಲೇ ದುಡ್ಡು ಕಟ್ಟಿ. ಡೊಮೇನ್ ನಿಮ್ಮ ಹೆಸರಿನಲ್ಲೇ ನೋಂದಣಿ ಆಗಿದೆಯಾ ನೋಡಿಕೊಳ್ಳಿ. ವೆಬ್‌ಸೈಟ್ ಮಾಡಿಕೊಟ್ಟವರು ತಮ್ಮ ಹೆಸರಿನಲ್ಲಿ ಮಾಡಿಟ್ಟಿದ್ದರೆ ನೀವು ಮತ್ತೆ ಬಾಡಿಗೆದಾರರೇ.

ಹಳೆಯ ಮೇಲುಗಳನ್ನು ಸಾಗಿಸುವುದು ಇಷ್ಟು ಕಷ್ಟವಲ್ಲ. ಐಮ್ಯಾಪ್ (ಮೇಲನ್ನು ಸರ್ವರಿನಲ್ಲೇ ಇಟ್ಟು ನೋಡುವ ರೀತಿ) ಇದ್ದರೆ ಥಂಡರ್‌ಬರ್ಡ್ ಥರದ ತಂತ್ರಾಂಶದಲ್ಲಿ ಎರಡೂ ಖಾತೆ ತೆರೆದು, ಒಂದರಿಂದ ಇನ್ನೊಂದಕ್ಕೆ ಫೋಲ್ಡರುಗಳನ್ನು ನಕಲು ಮಾಡಬಹುದು. ಮೊದಲಿನಿಂದ ಪಾಪ್ (ಮೇಲನ್ನು ಕಂಪ್ಯೂಟರಿಗೆ ಇಳಿಸಿಕೊಳ್ಳುವ ರೀತಿ) ಬಳಸಿದವರ ಮೇಲ್ ಎಷ್ಟೋ ಸಲ ಅವರ ಒಂದು ಕಂಪ್ಯೂಟರಿನಲ್ಲಿ ಮಾತ್ರ ಇರುತ್ತದೆ. ಆ ಯಂತ್ರವನ್ನು ಗುಜರಿಗೆ ಹಾಕುವ ಮೊದಲು ನೋಡಿ. ಸಂಪರ್ಕಗಳ ಪಟ್ಟಿಯನ್ನು ಬೇರೆಯಾಗಿಯೇ ಇಳಿಸಿಕೊಳ್ಳಬೇಕು, ಅದು ಮೇಲಿನ ಜೊತೆ ಬರಲ್ಲ.

ಜಾಸ್ತಿ ಹೊತ್ತು ಹಿಡಿಯುವುದು ಎಲ್ಲೆಲ್ಲಿ ವಿಳಾಸ ಕೊಟ್ಟಿದ್ದೇವೆ ಅಂತ ಹುಡುಕುವುದು. ಹಳೆಯ ಇನ್‌ಬಾಕ್ಸಿನಲ್ಲಿ "ಸ್ವಾಗತ", "ಪಾಸ್‌ವರ್ಡ್", "ರಶೀದಿ", "ನವೀಕರಣ" ಅನ್ನುವ ಪದಗಳನ್ನು ಇಂಗ್ಲಿಷಿನಲ್ಲೂ ಕನ್ನಡದಲ್ಲೂ ಹುಡುಕಿ. ಬ್ರೌಸರ್ ನೆನಪಿಟ್ಟುಕೊಂಡಿರುವ ಪಾಸ್‌ವರ್ಡುಗಳ ಪಟ್ಟಿ ತೆರೆಯಿರಿ. ಮೊದಲು ದುಡ್ಡಿನ ಖಾತೆಗಳು, ಆಮೇಲೆ ಸರ್ಕಾರದ ಮತ್ತು ಆರೋಗ್ಯದ ಖಾತೆಗಳು, ಆಮೇಲೆ ಫೋನಿಗೆ ಸಂಬಂಧಿಸಿದವು, ಉಳಿದವು ನಿಧಾನಕ್ಕೆ. ಪ್ರತಿಯೊಂದು ಕಡೆ ಎರಡು ಜಾಗ ನೋಡಿ. ಲಾಗಿನ್ ಇಮೇಲ್ ಒಂದು, ಪಾಸ್‌ವರ್ಡ್ ಮರೆತಾಗ ಬೇಕಾಗುವ ರಿಕವರಿ ಇಮೇಲ್ ಇನ್ನೊಂದು. ಮೊದಲನೆಯದನ್ನು ಎಲ್ಲರೂ ಬದಲಾಯಿಸುತ್ತಾರೆ. ಎರಡನೆಯದು ಒಳಗೆಲ್ಲೋ ಅಡಗಿರುತ್ತದೆ.

ಚಿಕ್ಕಪ್ಪನ ಜೊತೆ ಕೂತು ಇದನ್ನೆಲ್ಲ ಮಾಡಲು ನಮಗೆ ನಾಲ್ಕು ಭಾನುವಾರ ಹಿಡಿಯಿತು. ಕೊನೆಯ ದಿನ, ಎಲ್ಲ ಮುಗಿಯಿತು ಅಂದಾಗ, ಅವರ ಹೊಸ ಖಾತೆಯ ಸೆಟ್ಟಿಂಗನ್ನೇ ಒಮ್ಮೆ ತೆರೆದು ನೋಡಿದೆ. ಈ ಖಾತೆಯ ಪಾಸ್‌ವರ್ಡ್ ಮರೆತರೆ ಕೊಂಡಿ ಎಲ್ಲಿಗೆ ಕಳಿಸಬೇಕು ಅನ್ನುವ ಜಾಗದಲ್ಲಿ ಆ ಮುಚ್ಚಿಹೋದ ಹಳೆಯ ವಿಳಾಸವೇ ಇತ್ತು. ಖಾತೆ ತೆರೆಯುವಾಗ ಅಭ್ಯಾಸದಿಂದ ಅವರೇ ಹಾಕಿದ್ದರು. ಅದನ್ನು ತೆಗೆದು ಚಿಕ್ಕಮ್ಮನ ವಿಳಾಸ ಹಾಕಿದೆವು. ಒಪ್ಪಿಗೆಯ ಕೊಂಡಿ ಚಿಕ್ಕಮ್ಮನ ಫೋನಿಗೆ ಬಂತು, ಅವರು ಒತ್ತಿದರು.